ಮೆಷಿನಿಸ್ಟ್ ಆಗಲು ಏನು ಬೇಕು?

ಪಂಪ್‌ಸೆಟ್ಟಿನ ಶಾಫ್ಟು, ಟ್ರ್ಯಾಕ್ಟರಿನ ಗೇರು ಇವನ್ನೆಲ್ಲ ಮೆಷಿನ್ನಿನಲ್ಲಿ ಕಬ್ಬಿಣ ಹೆರೆದು, ಸರಿಯಾದ ಅಳತೆಗೆ ತರುವವರೇ ಮೆಷಿನಿಸ್ಟ್. ಲೇತಿನಲ್ಲಿ ಕಬ್ಬಿಣ ತಿರುಗುತ್ತದೆ, ಉಳಿಯಂಥ ಟೂಲು ಅದನ್ನು ಹೆರೆಯುತ್ತದೆ. ಮಿಲ್ಲಿಂಗ್ ಮೆಷಿನ್ನಿನಲ್ಲಿ ಕಟರೇ ತಿರುಗುತ್ತದೆ.

ಅಳತೆಗೆ ಮೈಕ್ರೋಮೀಟರ್ ಇದೆ. ಅದು 0.01 ಮಿಲಿಮೀಟರ್, ಅಂದರೆ ಮಿಲಿಮೀಟರಿನ ನೂರರಲ್ಲಿ ಒಂದು ಪಾಲನ್ನು ತೋರಿಸುತ್ತದೆ! ಅಂಥ ಎರಡು ಮೂರು ಪಾಲು ಹೆಚ್ಚು ಹೆರೆದರೂ ಶಾಫ್ಟಿನ ಮೇಲೆ ಬೇರಿಂಗು ಬಿಗಿಯಾಗಿ ಕೂರೋದಿಲ್ಲ. ಆದ್ದರಿಂದ ನಾವು ಕಲಿಯುವ ದಶಮಾಂಶದ ಲೆಕ್ಕ ಬೇಕೇ ಬೇಕು.

ಐ.ಟಿ.ಐ.ಯಲ್ಲಿ ಇದಕ್ಕೆ 2 ವರ್ಷದ ತರಬೇತಿ ಇದೆ. ಹುಡುಗಿಯರೂ ಸೇರಬಹುದು. ಆದರೆ ಗಣಿತ, ವಿಜ್ಞಾನ ಓದಿ ಹತ್ತನೇ ತರಗತಿ ಪಾಸಾಗಿರಬೇಕು.

ಹೈಸ್ಕೂಲು ದೂರ, ಏಳನೇದು ಸಾಕು ಅಂತಾರೆ ನಮ್ಮಪ್ಪ. ಹತ್ತರವರೆಗೂ ಓದೇ ಓದ್ತೀನಿ ಅಂತ ನಾನು ಹೇಳಿದ್ದೀನಿ. ನೀವೂ ಶಾಲೆ ಬಿಡಬೇಡಿ.