ಕ್ಯಾಸನೂರಿನ ವೈರಸ್ ಎಲ್ಲಿಂದ ಬಂದಿತು?

1957ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಪುಣೆಯ ವೈರಸ್ ಸಂಶೋಧನ ಕೇಂದ್ರಕ್ಕೆ ಒಂದು ಸುದ್ದಿ ಮುಟ್ಟಿತು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ. ಸುತ್ತಲಿನ ಹಳ್ಳಿಗಳ ಜನ ತೀವ್ರ ಜ್ವರದಿಂದ ನರಳುತ್ತಿದ್ದಾರೆ, ಕೆಲವರು ತೀರಿಕೊಂಡೂ ಇದ್ದಾರೆ. ಈ ಎರಡು ಸಂಗತಿಗಳಿಗಿರುವ ನಂಟನ್ನು ಮಲೆನಾಡಿನವರು ತಾವೇ ಗುರುತಿಸಿಕೊಂಡರು. ‘ಮಂಗನ ಕಾಯಿಲೆ’ ಎಂಬ ಹೆಸರೇ ಅದಕ್ಕೆ ಸಾಕ್ಷಿ.

ಕೇಂದ್ರದ ನಿರ್ದೇಶಕರಾಗಿದ್ದ ಅಮೆರಿಕದ ವೈದ್ಯ ಟೆಲ್ಫರ್ಡ್ ವರ್ಕ್ ಅವರಿಗೆ ಈ ಸುದ್ದಿ ಕಳವಳ ಹುಟ್ಟಿಸಿದುದು ಸಹಜ. ಮಂಗಗಳನ್ನೂ ಮನುಷ್ಯರನ್ನೂ ಒಟ್ಟಿಗೆ ಬಲಿ ತೆಗೆದುಕೊಳ್ಳುವುದು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಪೀತಜ್ವರದ ಲಕ್ಷಣ. ಆ ರೋಗ ಏಷ್ಯಾದಲ್ಲಿ ಎಂದೂ ನೆಲೆಯೂರಿದುದಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ನಮ್ಮ ಊರುಕೇರಿಗಳಲ್ಲಿ ಬೇಕಾದಷ್ಟಿದೆ. ಅದೇ ಇಲ್ಲಿಗೂ ಬಂದಿದ್ದರೆ?

ವರ್ಕ್ ಮತ್ತು ಅವರ ಸಹೋದ್ಯೋಗಿ ಹೆರಾಲ್ಡ್ ಟ್ರಪಿಡೊ ಕಾಡಿಗೆ ಬಂದರು. ಮಂಗಗಳ ಅಂಗಾಂಶವನ್ನೂ ರೋಗಿಗಳ ರಕ್ತವನ್ನೂ ಪ್ರಯೋಗಶಾಲೆಗೆ ಒಯ್ದು ಇಲಿಮರಿಗಳಿಗೆ ಚುಚ್ಚಿದಾಗ ವೈರಸ್ ಸಿಕ್ಕಿತು. ಅದು ಪೀತಜ್ವರದ್ದಲ್ಲ. ಅದನ್ನು ಹರಡುವುದು ಸೊಳ್ಳೆಯೂ ಅಲ್ಲ, ತರಗೆಲೆಗಳಲ್ಲಿ ಅಡಗಿರುವ ಉಣ್ಣಿ. ಮಲೆನಾಡಿನವರು ಉಣುಗು ಎನ್ನುವ ಜೀವಿ. ಅದಕ್ಕಿಂತ ಹೆಚ್ಚಿನ ಆಶ್ಚರ್ಯವೆಂದರೆ, ಈ ವೈರಸ್ಸಿನ ಹತ್ತಿರದ ಬಂಧುಗಳು ಆಗ ತಿಳಿದಿದ್ದುದು ರಷ್ಯದ ಶೀತಲ ಅರಣ್ಯಗಳಲ್ಲಿ! ಸಾವಿರಾರು ಕಿಲೋಮೀಟರುಗಳನ್ನೂ ಹಿಮಾಲಯವನ್ನೂ ದಾಟಿ ಅದು ಶರಾವತಿಯ ಸೀಮೆಗೆ ಹೇಗೆ ಬಂದಿತು?

ಹಕ್ಕಿಗಳು ತಂದಿರಬಹುದೆಂಬುದು ಆಗಿನ ಒಂದು ಊಹೆ. ಚಳಿಗಾಲದಲ್ಲಿ ಉತ್ತರದಿಂದ ಬರುವ ವಲಸೆ ಹಕ್ಕಿಗಳ ಮೈಯಲ್ಲಿ ಸೋಂಕು ತಗಲಿದ ಉಣ್ಣಿಗಳಿರಬಾರದೇಕೆ? ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿಯವರು 1959ರಲ್ಲಿ ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸಿ ಬಿಡುವ ಕಾರ್ಯವನ್ನಾರಂಭಿಸಿದರು. ಇದರಿಂದ ವಲಸೆಯ ದಾರಿಗಳ ಬಗೆಗೆ ಅಪಾರ ಜ್ಞಾನ ದೊರೆಯಿತು. ಹಕ್ಕಿಗಳೇ ವೈರಸ್ಸನ್ನು ತಂದವೆಂಬುದಕ್ಕೆ ಮಾತ್ರ ದೃಢವಾದ ಸಾಕ್ಷ್ಯ ದೊರೆಯಲಿಲ್ಲ. ಉತ್ತರ ತಪ್ಪಿದರೂ ಪ್ರಶ್ನೆ ಫಲ ಕೊಡುವುದುಂಟು.

ಇನ್ನೊಂದು ಸುಳಿವು ಕ್ಯಾಸನೂರಿಗೆ ಮುಂಚೆಯೇ ಸಿಕ್ಕಿತ್ತು. ವೈರಸ್ ಹೊಕ್ಕ ದೇಹ ಅದನ್ನೆದುರಿಸಲು ಪ್ರತಿಕಾಯಗಳೆಂಬ ವಸ್ತುಗಳನ್ನು ತಯಾರಿಸುತ್ತದೆ. ಇವು ರೋಗ ವಾಸಿಯಾದ ಮೇಲೂ ರಕ್ತದಲ್ಲಿ ಬಹುಕಾಲ ಉಳಿಯುತ್ತವೆ. 1950ರ ದಶಕದ ಆರಂಭದಲ್ಲಿ ನಡೆದ ಪರೀಕ್ಷೆಯೊಂದರಲ್ಲಿ, ರಷ್ಯದ ವೈರಸ್ಸಿಗೆ ಎದುರಾಗಬಲ್ಲ ಪ್ರತಿಕಾಯಗಳು ಸೌರಾಷ್ಟ್ರದ ಕೆಲವರ ರಕ್ತದಲ್ಲಿ ಕಂಡುಬಂದಿದ್ದುವು. ಹಾಗಾದರೆ ಈ ಬಳಗದ ವೈರಸ್ಸೊಂದು ನಮ್ಮ ದೇಶದಲ್ಲಿ ಮೊದಲೇ ಇದ್ದಿರಬೇಕು. ಮೊದಲೇ ಇದ್ದುದು 1957ರಲ್ಲಿ ಏಕೆ ಕೆರಳಿತು?

ಹೋರ್ಹೆ ಬೋಷೆಲ್ ಎಂಬ ವಿಜ್ಞಾನಿ 1969ರಲ್ಲಿ ಕೊಟ್ಟ ವಿವರಣೆ ನಮಗೆ ಹೆಚ್ಚು ಸಮಂಜಸವೆನಿಸುತ್ತದೆ. ಜನ ಕಾಡು ಕಡಿದು ಗದ್ದೆ ಮಾಡಿದರು. ಕಾಡಿನ ಅಂಚಿನಲ್ಲಿ ದನಗಳು ಮೇಯತೊಡಗಿದುವು. ದನಕ್ಕೆ ಈ ರೋಗ ಬಾರದು. ಆದರೆ ಬೆಳೆದ ಹೆಣ್ಣು ಉಣ್ಣಿ ದನದ ರಕ್ತವನ್ನು ಹೊಟ್ಟೆತುಂಬ ಹೀರಿ, ಕೆಳಗೆ ಬಿದ್ದು ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಮರಿಗಳು ಇಲಿ, ಮೂಗಿಲಿ, ಮಂಗಗಳನ್ನು ಕಚ್ಚುವಾಗ ವೈರಸ್ಸನ್ನು ಪಡೆಯುತ್ತವೆ. ಮುಂದಿನ ಹಂತದಲ್ಲಿ, ಬೇಸಗೆಯ ಒಣ ದಿನಗಳಲ್ಲಿ, ಸೌದೆ ಸೊಪ್ಪಿಗೆಂದು ಬಂದ ಮನುಷ್ಯನನ್ನು ಕಚ್ಚುತ್ತವೆ. ಹೀಗೆ ಪಾಪದ ದನವೇ ಉಣ್ಣಿಗಳಿಗೆ ಅನ್ನಸತ್ರವಾಯಿತು.

1990ರ ದಶಕದಲ್ಲಿ ಸೌದಿ ಅರೇಬಿಯದಲ್ಲಿ ಕಂಡ ಅಲ್‌ಖುರ್ಮಾ ವೈರಸ್ಸು ಕ್ಯಾಸನೂರಿನದರ ಅತಿ ಸಮೀಪದ ಬಂಧುವೆಂದು ತಿಳಿದುಬಂದಿದೆ. ಇವೆರಡೂ ಬೇರೆಯಾದುದೆಂದು? ಜೀನುಗಳಲ್ಲಿ ಕೂಡುತ್ತಹೋದ ವ್ಯತ್ಯಾಸಗಳನ್ನು ಎಣಿಸಿ ಒಂದು ಗಣನೆ ಕೆಲವೇ ದಶಕಗಳೆಂದಿತು. 2011ರಲ್ಲಿ ಪ್ರಕಟವಾದ ಇನ್ನೊಂದು, ಹೆಚ್ಚು ಮಾದರಿಗಳನ್ನು ಪರಿಶೀಲಿಸಿ, ಸುಮಾರು 700 ವರ್ಷಗಳೆಂದಿತು. ಯುರೇನಿಯಮ್ ಕ್ಷಯಿಸುವ ನಿಯತ ಗತಿಯನ್ನು ಪಾಠ ಹೇಳುವ ನಮಗೆ ಈ ಗಡಿಯಾರದ ಚಂಚಲತೆ ಕೊಂಚ ಕಸಿವಿಸಿಯನ್ನುಂಟುಮಾಡುತ್ತದೆ. ಆದರೂ ಎರಡನೆಯ ಗಣನೆ ಸರಿಯಾದರೆ, ಈ ವೈರಸ್ಸು 1957ರ ಹೊಸ ಅತಿಥಿಯಲ್ಲ.

ಬಹುಕಾಲ ಶಿವಮೊಗ್ಗ ಮತ್ತು ಅದರ ನೆರೆಯ ಜಿಲ್ಲೆಗಳಲ್ಲಿಯೇ ಇದ್ದ ಕಾಯಿಲೆ 2012ರಲ್ಲಿ ಬಂಡೀಪುರದಲ್ಲಿ ಕಂಡಿತು. ಅನಂತರ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿಯೂ ತಲೆದೋರಿತು. ಇದಕ್ಕೆ ನೇರವಾದ ಔಷಧವಿಲ್ಲ. 1990ರಿಂದ ಬಳಕೆಯಲ್ಲಿದ್ದ ಲಸಿಕೆಯ ರಕ್ಷಣೆ ಸಾಲದೆಂದು ತಿಳಿದುಬಂದು 2022ರಲ್ಲಿ ಅದು ನಿಂತಿತು. ಅಲ್ಲಿಗೆ ಬಂದಂತಾಯಿತು ವೈರಸ್ಸು, ಅಥವಾ ಅಲ್ಲಿ ಮೊದಲೇ ಇದ್ದಿತೆ? ವರ್ಕ್ ಎದುರಿಸಿದ ಪ್ರಶ್ನೆಯನ್ನೇ ಇಂದಿನ ಸಂಶೋಧಕರೂ ಒಂದೊಂದು ಕಾಡಿನಲ್ಲಿ ಕೇಳುತ್ತಿದ್ದಾರೆ. ಮಂಗ ಸತ್ತೊಡನೆ ಅದರ ಮೈಮೇಲಿನ ಉಣ್ಣಿಗಳು ಕಳಚಿ ಸುತ್ತಲಿನ ನೆಲದಲ್ಲಿ ಹರಡಿಕೊಳ್ಳುತ್ತವೆ. ಆದುದರಿಂದ ಇಂದಿಗೂ ಮಲೆನಾಡಿನಲ್ಲಿ ಸತ್ತ ಮಂಗವನ್ನು ಕಂಡವರು ಅದರ ಬಳಿ ಸುಳಿಯದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಕಾಯಿಲೆ ಬಂದಿದೆಯೆಂಬ ಮೊದಲ ಸುದ್ದಿ ಎಷ್ಟೋ ವೇಳೆ ಹೊರಡುವುದು ಅಲ್ಲಿಂದಲೇ.