ಹಳೆ ಅಂಬಾಸಿಡರ್, ಪದ್ಮಿನಿ ಎಂಜಿನ್‌ಗೆ ಅಡಿಟಿವ್ ಹಾಕಿದರೆ ಹೊಸ ಜೀವ ಬರುತ್ತಾ?

"ಹಳೆ ಕಾರು ಇಟ್ಟುಕೊಂಡವರು ತಪ್ಪದೇ ಓದಿ. ಈಗಿನ ಪೆಟ್ರೋಲ್‌ನಲ್ಲಿ ಸೀಸ ಇಲ್ಲ, ಎಥನಾಲ್ ಇದೆ. ನಿಮ್ಮ ಎಂಜಿನ್ ಒಳಗೊಳಗೇ ಸವೆಯುತ್ತಿದೆ. ಫುಲ್ ಟ್ಯಾಂಕಿಗೆ ಈ ಬಾಟಲಿಯ ಒಂದು ಮುಚ್ಚಳ ಹಾಕಿ, ಎಂಜಿನ್ ಬಿಚ್ಚಿಸುವ ಖರ್ಚು ಉಳಿಸಿ." ಇಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಜೊತೆಗೊಂದು ವಿಡಿಯೊ, ಅದರಲ್ಲಿ ಹೊಗೆ ಕಾರುತ್ತಿದ್ದ ಹಳೆ ಕಾರು ಎರಡೇ ನಿಮಿಷದಲ್ಲಿ ಸ್ವಚ್ಛವಾಗಿ ಓಡತೊಡಗುತ್ತದೆ.

ಇದನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕುವ ಹಾಗಿಲ್ಲ. ಸಂದೇಶದ ಮೊದಲ ಸಾಲಿನಲ್ಲಿ ನಿಜವಿದೆ. ತೊಂದರೆ ಇರುವುದು ಕೊನೆಯ ಸಾಲಿನಲ್ಲಿ. ನಡುವೆ ಏನಾಗುತ್ತದೆ ಎಂದು ನೋಡೋಣ.

ಸೀಸ ಹೋಗಿದ್ದರಿಂದ ನಿಜಕ್ಕೂ ತೊಂದರೆ ಆಯಿತೇ?

ಪೆಟ್ರೋಲ್‌ಗೆ ಸೀಸದ ಸಂಯುಕ್ತ ಬೆರೆಸಿದರೆ ಎಂಜಿನ್ 'ನಾಕಿಂಗ್' ಕಡಿಮೆಯಾಗುತ್ತದೆ ಎಂದು ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿದ್ದ ಥಾಮಸ್ ಮಿಡ್ಗ್ಲಿ 1921ರಲ್ಲಿ ಕಂಡುಕೊಂಡ. ಆ ಸೀಸದಿಂದ ಯಾರೂ ಎಣಿಸದ ಇನ್ನೊಂದು ಉಪಕಾರವೂ ಆಯಿತು. ಉರಿದ ಸೀಸದ ತೆಳು ಪದರ ಎಕ್ಸಾಸ್ಟ್ ವಾಲ್ವ್ ಮತ್ತು ಅದು ಕೂರುವ ಸೀಟಿನ ಮೇಲೆ ಅಂಟಿಕೊಂಡು, ಕೆಂಪಗೆ ಕಾದ ಎರಡು ಲೋಹಗಳು ಒಂದಕ್ಕೊಂದು ಬೆಸೆದುಕೊಳ್ಳದಂತೆ ತಡೆಯುತ್ತಿತ್ತು.

ಸೀಸ ಮಕ್ಕಳ ಮಿದುಳಿಗೆ ವಿಷ. ಹಾಗಾಗಿ ಭಾರತದಲ್ಲಿ 1995ರಲ್ಲಿ ಮಹಾನಗರಗಳಿಂದ ಶುರುವಾಗಿ, 2000ದ ಫೆಬ್ರವರಿ ಹೊತ್ತಿಗೆ ದೇಶದ ಎಲ್ಲ ಬಂಕ್‌ಗಳಿಗೂ ಸೀಸರಹಿತ ಪೆಟ್ರೋಲ್ ಬಂತು. ಸೀಸದ ಪದರ ಇಲ್ಲದೆ, ಬರೀ ಎರಕದ ಕಬ್ಬಿಣದ ಸೀಟಿರುವ ಹಳೆಯ ಸಿಲಿಂಡರ್ ಹೆಡ್‌ಗಳಲ್ಲಿ ವಾಲ್ವ್ ಪ್ರತಿ ಬಡಿತಕ್ಕೂ ಸೀಟಿನಿಂದ ಕಣಕಣವಾಗಿ ಲೋಹ ಕೀಳುತ್ತಾ ಒಳಗೆ ಇಳಿಯಬಹುದು. ಇದನ್ನು 'ವಾಲ್ವ್ ಸೀಟ್ ರಿಸೆಷನ್' ಅನ್ನುತ್ತಾರೆ. ಇದು ಕಟ್ಟುಕಥೆಯಲ್ಲ.

ಬ್ರಿಟನ್ನಿನಲ್ಲಿ 1999ರ ಕೊನೆಗೆ ಸೀಸದ ಪೆಟ್ರೋಲ್ ನಿಂತಾಗ, ಅಲ್ಲಿನ ಹಳೆ ವಾಹನ ಕ್ಲಬ್‌ಗಳ ಒಕ್ಕೂಟ ಮಾರುಕಟ್ಟೆಯಲ್ಲಿದ್ದ 'ಸೀಸದ ಬದಲಿ' ಬಾಟಲಿಗಳನ್ನು ಮೈರಾ ಎಂಬ ವಾಹನ ಸಂಶೋಧನಾ ಸಂಸ್ಥೆಯಲ್ಲಿ ನಿಜವಾದ ಎಂಜಿನ್ ಮೇಲೆ ಓಡಿಸಿ ಪರೀಕ್ಷಿಸಿತು. ಕೆಲವು ಪಾಸಾದವು, ಕೆಲವು ಆಗಲಿಲ್ಲ. ಅಂದರೆ ಪೊಟ್ಯಾಷಿಯಂ, ಸೋಡಿಯಂ, ಮ್ಯಾಂಗನೀಸ್ ಅಥವಾ ರಂಜಕ ಇರುವ ಸರಿಯಾದ ದ್ರಾವಣ ಸರಿಯಾದ ಪ್ರಮಾಣದಲ್ಲಿದ್ದರೆ ಸೀಟನ್ನು ಕಾಯಬಲ್ಲದು. ಬಾಟಲಿ ಮೇಲೆ ಬರೆದ ಮಾತ್ರಕ್ಕೆ ಕಾಯುವುದಿಲ್ಲ.

ನಿಮ್ಮ ಕಾರಿಗೆ ಇದು ಬೇಕೇ? ಸವೆತ ಹೆಚ್ಚುವುದು ಎಂಜಿನ್ ಬಹಳ ಹೊತ್ತು ಹೆಚ್ಚು ಆರ್‌ಪಿಎಂನಲ್ಲಿ ಭಾರ ಎಳೆದಾಗ. ಭಾನುವಾರ ಬೆಳಿಗ್ಗೆ ಐವತ್ತರ ವೇಗದಲ್ಲಿ ತಿಂಡಿಗೆ ಹೋಗಿಬರುವ ಪದ್ಮಿನಿಗೆ ಆ ಸ್ಥಿತಿ ಬರುವುದೇ ಅಪರೂಪ. ಅದೂ ಅಲ್ಲದೆ ಈ ಇಪ್ಪತ್ತೈದು ವರ್ಷಗಳಲ್ಲಿ ಎಂದಾದರೂ ಹೆಡ್ ಕೆಲಸ ಆಗಿದ್ದರೆ, ಗಟ್ಟಿ ಲೋಹದ ಹೊಸ ಸೀಟ್ ರಿಂಗ್ ಕೂರಿಸಿರುವ ಸಾಧ್ಯತೆ ಇದೆ. ಗೊತ್ತಿಲ್ಲವಾದರೆ ಸುಲಭದ ಪರೀಕ್ಷೆಯೊಂದಿದೆ. ಟ್ಯಾಪೆಟ್ ಗ್ಯಾಪ್ ಅನ್ನು ಫೀಲರ್ ಗೇಜ್‌ನಿಂದ ಅಳೆದು ಬರೆದಿಡಿ, ಎರಡು ಮೂರು ಸಾವಿರ ಕಿಲೋಮೀಟರ್ ಓಡಿಸಿ ಮತ್ತೆ ಅಳೆಯಿರಿ. ಸೀಟು ಸವೆದರೆ ವಾಲ್ವ್ ಮೇಲೇರುತ್ತದೆ, ಆಗ ಎಕ್ಸಾಸ್ಟ್ ವಾಲ್ವ್‌ನ ಗ್ಯಾಪ್ ಪ್ರತಿ ಸಲವೂ ಕಡಿಮೆಯಾಗುತ್ತಾ ಬರುತ್ತದೆ. ಗ್ಯಾಪ್ ಹಾಗೇ ನಿಂತಿದ್ದರೆ ನಿಮಗೆ ಬಾಟಲಿ ಬೇಡ. ಕಡಿಮೆಯಾಗುತ್ತಲೇ ಇದ್ದರೆ ಬಾಟಲಿಯಿಂದ ಸ್ವಲ್ಪ ಕಾಲ ತಳ್ಳಬಹುದು, ಶಾಶ್ವತ ಪರಿಹಾರ ಮಾತ್ರ ಗಟ್ಟಿ ಸೀಟು.

ಆಯಿಲ್‌ನಲ್ಲಿ ಜಿಂಕ್ ಕಡಿಮೆಯಾಗಿದೆ ಅನ್ನೋದು?

ಇದೂ ಅರ್ಧ ನಿಜ. ಎಂಜಿನ್ ಆಯಿಲ್ ಅಂದರೆ ಬರೀ ಎಣ್ಣೆಯಲ್ಲ. ಡಬ್ಬಿಯೊಳಗೇ ಕೊಳೆ ತೊಳೆಯುವ, ತುಕ್ಕು ತಡೆಯುವ, ನೊರೆ ಕಟ್ಟದಂತೆ ನೋಡಿಕೊಳ್ಳುವ ರಾಸಾಯನಿಕಗಳೆಲ್ಲ ಕಂಪನಿಯಲ್ಲೇ ಬೆರೆತಿರುತ್ತವೆ. ಅವುಗಳಲ್ಲೊಂದು ಝಡ್‌ಡಿಡಿಪಿ, ಅಂದರೆ ಸತು ಮತ್ತು ರಂಜಕದ ಸಂಯುಕ್ತ. ಕ್ಯಾಮ್ ಮತ್ತು ಟ್ಯಾಪೆಟ್ ಒಂದರ ಮೇಲೊಂದು ಉಜ್ಜುವ ಜಾಗದಲ್ಲಿ ಇದು ರಕ್ಷಣೆಯ ಪದರ ಕಟ್ಟುತ್ತದೆ. ಅಂಬಾಸಿಡರ್‌ನ ಹಳೆ ಪೆಟ್ರೋಲ್ ಎಂಜಿನ್, ಪದ್ಮಿನಿಯ 1089 ಸಿಸಿ ಎಂಜಿನ್ ಎರಡರಲ್ಲೂ ಹೀಗೆ ಉಜ್ಜಿ ಓಡುವ ಟ್ಯಾಪೆಟ್‌ಗಳೇ ಇರುವುದರಿಂದ ಅವಕ್ಕೆ ಝಡ್‌ಡಿಡಿಪಿ ಬೇಕೇ ಬೇಕು.

ರಂಜಕ ಹೊಸ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆಂದು ಅದರ ಪ್ರಮಾಣಕ್ಕೆ ಮಿತಿ ಹಾಕಿದರು. 2004ರಲ್ಲಿ ಬಂದ ಎಪಿಐ ಎಸ್‌ಎಂ ದರ್ಜೆಯಲ್ಲಿ ಅದು ಶೇ. 0.08ಕ್ಕೆ ಇಳಿಯಿತು. ಫಾರ್ವರ್ಡ್‌ಗಳು ಇಲ್ಲಿಗೇ ನಿಲ್ಲುತ್ತವೆ. ಅವು ಹೇಳದ ಮಾತೆಂದರೆ, ಆ ಮಿತಿ ಇರುವುದು 5ಡಬ್ಲ್ಯೂ-30ಯಂಥ ತೆಳು ಆಯಿಲ್‌ಗಳಿಗೆ. ನಮ್ಮ ಮೆಕ್ಯಾನಿಕ್‌ಗಳು ಹಳೆ ಕಾರಿಗೆ ಹಾಕುತ್ತಾ ಬಂದಿರುವ 20ಡಬ್ಲ್ಯೂ-40, 20ಡಬ್ಲ್ಯೂ-50 ದಪ್ಪ ಆಯಿಲ್‌ಗಳಿಗೆ ಅದು ಅನ್ವಯಿಸುವುದಿಲ್ಲ. ಸರಿಯಾದ ದಪ್ಪ ಆಯಿಲ್ ಹಾಕಿದ್ದರೆ ಮೇಲಿಂದ ಜಿಂಕ್ ಬಾಟಲಿ ಸುರಿಯುವ ಅಗತ್ಯ ಇಲ್ಲ. ಸುರಿದರೆ, ಕಂಪನಿಯವರು ಅಳೆದು ಬೆರೆಸಿದ ಹದ ಕೆಡುತ್ತದೆ. ಸಾರಿಗೆ ಉಪ್ಪು ಹಾಕಿ ಇಳಿಸಿದ ಮೇಲೆ ಬಡಿಸುವಾಗ ಮತ್ತೊಂದು ಹಿಡಿ ಹಾಕಿದ ಹಾಗೆ.

'ಸವೆತವನ್ನೇ ನಿಲ್ಲಿಸುವ' ಬಾಟಲಿಗಳು

ನಾನ್‌ಸ್ಟಿಕ್ ತವಾದ ಮೇಲಿರುವ ಪದಾರ್ಥವನ್ನೇ ಆಯಿಲ್‌ಗೆ ಬೆರೆಸಿ, ಎಂಜಿನ್ ಒಳಗೆ ಲೇಪ ಕೂರುತ್ತದೆ ಎಂದು ಅಮೆರಿಕದಲ್ಲಿ 'ಸ್ಲಿಕ್ 50' ಹೆಸರಿನ ಬಾಟಲಿ ಭರ್ಜರಿಯಾಗಿ ಮಾರಾಟವಾಗಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಈ ಜಾಹೀರಾತಿಗೆ ಸಾಕ್ಷಿಯೆಲ್ಲಿ ಎಂದು ಕೇಳಿತು. ಸಾಮಾನ್ಯ ಎಂಜಿನ್‌ಗಳಿಗೆ ಪುಸ್ತಕದಲ್ಲಿ ಹೇಳಿದ ಆಯಿಲ್ ಹಾಕಿದರೆ ಸ್ಟಾರ್ಟ್ ಆಗುವಾಗಿನ ಸವೆತದಿಂದ ಸಾಕಷ್ಟು ರಕ್ಷಣೆ ಸಿಗುತ್ತದೆ ಎಂಬುದು ಕಮಿಷನ್ನಿನ ವಾದ. 1997ರಲ್ಲಿ ಕಂಪನಿ ರಾಜಿಗೆ ಒಪ್ಪಿ, ಅಂಥ ಜಾಹೀರಾತು ನಿಲ್ಲಿಸಿತು. ಬಳಿಕ ಇನ್ನೂ ಕೆಲವು ಬ್ರಾಂಡ್‌ಗಳ ಮೇಲೆ ಇಂಥದ್ದೇ ಕ್ರಮ ಆಯಿತು.

ಇನ್ನು ಆ ಹೊಗೆ ನಿಲ್ಲುವ ವಿಡಿಯೊ. ಅದು ನಿಜವೇ ಇರಬಹುದು, ಆದರೆ ಅಲ್ಲಿ ರಿಪೇರಿ ಆಗಿಲ್ಲ. ನೀಲಿ ಹೊಗೆ ಎಂದರೆ ರಿಂಗ್ ಅಥವಾ ವಾಲ್ವ್ ಗೈಡ್ ಸವೆದು ಆಯಿಲ್ ಉರಿಯುತ್ತಿದೆ ಎಂದರ್ಥ. 'ಸ್ಮೋಕ್ ಸ್ಟಾಪ್' ಬಾಟಲಿಯಲ್ಲಿರುವುದು ಆಯಿಲನ್ನು ಜೇನುತುಪ್ಪದಂತೆ ಮಂದ ಮಾಡುವ ಪಾಲಿಮರ್. ಮಂದ ಆಯಿಲ್ ಸಂದಿಯಿಂದ ನುಸುಳುವುದು ಕಡಿಮೆ, ಹಾಗಾಗಿ ಹೊಗೆಯೂ ಕಡಿಮೆ. ಸವೆದ ರಿಂಗ್ ಸವೆದೇ ಇರುತ್ತದೆ, ಬೆಳಗಿನ ಚಳಿಯಲ್ಲಿ ಆಯಿಲ್ ಮೇಲೇರುವುದಂತೂ ಇನ್ನೂ ತಡ. ಹಳೆ ಕಾರು ಕೊಳ್ಳಲು ಹೋಗುವವರು ಒಂದು ಮಾತು ನೆನಪಿಡಿ: ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಅಂಟಿನಂತೆ ಎಳೆಯೆಳೆಯಾಗಿ ಇಳಿದರೆ ಅನುಮಾನ ಪಡಿ.

'ಎಂಜಿನ್ ಫ್ಲಶ್' ಬಗ್ಗೆಯೂ ಎಚ್ಚರ. ದಶಕಗಳ ಮಡ್ಡಿ ಕಟ್ಟಿದ ಎಂಜಿನ್‌ನಲ್ಲಿ ಅದು ಮಡ್ಡಿಯನ್ನು ಒಮ್ಮೆಗೇ ಕಿತ್ತು ಆಯಿಲ್ ಪಂಪಿನ ಜಾಲರಿಗೆ ತಂದು ತುಂಬಬಹುದು. ಒಳ್ಳೆ ಆಯಿಲ್ ಹಾಕಿ ಸಾವಿರ ಕಿಲೋಮೀಟರ್‌ಗೇ ಬದಲಿಸಿ, ಮತ್ತೊಮ್ಮೆ ಬದಲಿಸಿ. ನಿಧಾನ, ಆದರೆ ಅಪಾಯ ಕಡಿಮೆ.

ನಿಜವಾದ ಚಿಂತೆ: ಇ20

ಹಳೆ ಕಾರಿನವರು ತಲೆಕೆಡಿಸಿಕೊಳ್ಳಬೇಕಾದದ್ದು ಇಲ್ಲಿ. ಈಗ ಬಂಕ್‌ನಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ನ ಶಕ್ತಿ ಪೆಟ್ರೋಲ್‌ನ ಮೂರನೇ ಎರಡರಷ್ಟು ಮಾತ್ರ. ಎಥನಾಲ್ ಇಲ್ಲದ ಪೆಟ್ರೋಲ್‌ಗೆಂದು ರೂಪಿಸಿ, ಶೇ. 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲೇ ಇ20ಯಿಂದ ಮೈಲೇಜ್ ಶೇ. 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ಹೊಸ ಕಾರಿನ ಕಂಪ್ಯೂಟರ್ ಇಂಧನದ ಪ್ರಮಾಣವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಕಾರ್ಬುರೇಟರ್‌ಗೆ ಆ ಬುದ್ಧಿ ಇಲ್ಲ. ಹಾಗಾಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಬಿಸಿಯಾಗಿ ಓಡುತ್ತದೆ. ಇದಕ್ಕೆ ಮದ್ದು ಜೆಟ್ ಬದಲಿಸುವುದು ಅಥವಾ ಮಿಶ್ರಣ ಹೊಂದಿಸುವುದು. ಆಕ್ಟೇನ್ ಬೂಸ್ಟರ್ ಅಂತೂ ದಂಡ. ಎಥನಾಲ್‌ನ ಆಕ್ಟೇನ್ ಮೊದಲೇ ಹೆಚ್ಚು, ಈ ಹಳೆ ಎಂಜಿನ್‌ಗಳ ಕಂಪ್ರೆಷನ್ ಮೊದಲೇ ಕಡಿಮೆ.

ಎಥನಾಲ್ ನೀರನ್ನು ಹೀರುತ್ತದೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲವಿಡೀ ಅರ್ಧ ಟ್ಯಾಂಕಿನಲ್ಲಿ ನಿಂತ ಕಾರಿಗೆ ಇದು ಕೆಟ್ಟದ್ದು. ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಸೇರಿ ತಳಕ್ಕೆ ಇಳಿದು, ಟ್ಯಾಂಕ್ ಒಳಗೆ ತುಕ್ಕು ಶುರುವಾಗುತ್ತದೆ. ಇದಕ್ಕೆಂದು ಮಾರುವ 'ವಾಟರ್ ರಿಮೂವರ್' ಬಾಟಲಿಗಳ ಕಥೆ ತಮಾಷೆಯದು. ಹಲವದರಲ್ಲಿ ಇರುವುದೇ ಆಲ್ಕೋಹಾಲ್. ಮೂವತ್ತು ಲೀಟರ್ ಟ್ಯಾಂಕಿನಲ್ಲಿ ಆಗಲೇ ಆರು ಲೀಟರ್ ಆಲ್ಕೋಹಾಲ್ ಇರುವಾಗ ಮೇಲೆ ಐವತ್ತು ಎಂಎಲ್ ಹಾಕಿ ಏನು ಪ್ರಯೋಜನ?

ತುಕ್ಕು ತಡೆಯುವ ಅಡಿಟಿವ್‌ಗಳು ಮಾತ್ರ ಕೆಲಸಕ್ಕೆ ಬರುತ್ತವೆ. ಆಗ ಹೇಳಿದ ಬ್ರಿಟನ್ ಒಕ್ಕೂಟ ಅಂಥ ಕೆಲವನ್ನೂ ಪರೀಕ್ಷಿಸಿ ಒಪ್ಪಿದೆ. ತಿಂಗಳುಗಟ್ಟಲೆ ನಿಲ್ಲುವ ಕಾರಿಗೆ ಇದು ದುಡ್ಡಿಗೆ ತಕ್ಕ ಖರ್ಚು ಎಂದು ನನಗನ್ನಿಸುತ್ತದೆ. ಆದರೆ ಆ ಒಪ್ಪಿಗೆ ತುಕ್ಕಿನ ಮಟ್ಟಿಗೆ ಮಾತ್ರ. ರಬ್ಬರನ್ನು ಯಾವ ಬಾಟಲಿಯೂ ಕಾಯುವುದಿಲ್ಲ.

ಇದು ನನಗೆ ಅರ್ಥವಾಗಿದ್ದು ಸೋದರಮಾವನ ಅಂಬಾಸಿಡರ್‌ನಿಂದ. ಎರಡು ತಿಂಗಳಿಂದ 'ಎಥನಾಲ್ ಪ್ರೊಟೆಕ್ಷನ್' ಎಂದು ಬರೆದ ಬಾಟಲಿಯನ್ನು ಪ್ರತಿ ಟ್ಯಾಂಕಿಗೂ ಹಾಕುತ್ತಿದ್ದರು. "ನಿನ್ನ ಕಾರಿಗಿಂತ ನನ್ನದೇ ಸೇಫು ಕಣೋ" ಅನ್ನುತ್ತಿದ್ದರು. ಒಂದು ಸಂಜೆ ಶೆಡ್ಡಿನ ಬಾಗಿಲು ತೆಗೆದರೆ ಪೆಟ್ರೋಲ್ ವಾಸನೆ ಗಪ್ಪೆಂದು ಹೊಡೆಯಿತು. ಬಾನೆಟ್ ಎತ್ತಿ ನೋಡಿದರೆ ಕಾರ್ಬುರೇಟರ್‌ಗೆ ಹೋಗುವ ಹೋಸ್ ಉಬ್ಬಿ, ಕ್ಲಿಪ್ ಹತ್ತಿರ ಸೀಳಿ ತೊಟ್ಟಿಕ್ಕುತ್ತಿತ್ತು. ಆ ಎಂಜಿನ್‌ನಲ್ಲಿ ಕಾರ್ಬುರೇಟರ್ ಇರುವುದು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇರುವ ಬದಿಯಲ್ಲೇ, ಅದರ ಮೇಲ್ಗಡೆ. ಎಂಜಿನ್ ಬಿಸಿ ಇದ್ದಾಗ ಇದೇ ಹನಿ ಬಿದ್ದಿದ್ದರೆ! ಮಾವ ಅವತ್ತು ರಾತ್ರಿ ಊಟ ಮಾಡಲಿಲ್ಲ. ಹಿಂದಿನ ದಿನವಷ್ಟೇ ಮೊಮ್ಮಕ್ಕಳನ್ನು ಕೂರಿಸಿಕೊಂಡು ದೇವಸ್ಥಾನಕ್ಕೆ ಹೋಗಿಬಂದಿದ್ದರು.

ಎಥನಾಲ್ ಹಳೆ ರಬ್ಬರನ್ನು ಊದಿಸಿ ಮೆತ್ತಗೆ ಮಾಡುತ್ತದೆ, ಒಣಗಿದಾಗ ಅದು ಬಿರಿಯುತ್ತದೆ. ಆದ್ದರಿಂದ ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗಿನ ಎಲ್ಲ ಹೋಸ್, ಫ್ಯುಯೆಲ್ ಪಂಪಿನ ಡಯಾಫ್ರಾಮ್, ಸೀಲ್‌ಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿ. ಅಂಗಡಿಯಲ್ಲಿ ಎಸ್‌ಎಇ ಜೆ30 ಆರ್9 ಎಂದು ಮೈಮೇಲೆ ಅಚ್ಚಾಗಿರುವ ಹೋಸ್ ಕೇಳಿ. ಅಚ್ಚಿಲ್ಲದ ಕಪ್ಪು ಪೈಪು ಕೊಟ್ಟು "ಇದೂ ಅದೇ ಸಾರ್" ಅಂದರೆ ಬೇರೆ ಅಂಗಡಿ ನೋಡಿ.

ನುಸಿಗುಳಿಗೆ, ಸೀಮೆಎಣ್ಣೆ, 2ಟಿ ಆಯಿಲ್

ನುಸಿಗುಳಿಗೆ ಹಾಕಿದರೆ ಪಿಕಪ್ ಬರುತ್ತದೆ ಎಂಬುದು ಪೆಟ್ರೋಲ್‌ನ ಗುಣಮಟ್ಟ ಬಹಳ ಕಳಪೆಯಿದ್ದ ಕಾಲದ ಮಾತು. ಈಗಿನ ಪೆಟ್ರೋಲ್‌ಗೆ ಅದರಿಂದ ಲಾಭವಿಲ್ಲ. ಪೆಟ್ರೋಲ್ ಆವಿಯಾದಾಗ ನ್ಯಾಫ್ತಲೀನ್ ಹರಳುಗಟ್ಟಿ ಜೆಟ್ ಕಟ್ಟಿಕೊಳ್ಳಬಹುದು. ಕೆಲವು ಗುಳಿಗೆಗಳಲ್ಲಿ ಕ್ಲೋರಿನ್ ಇರುವ ರಾಸಾಯನಿಕ ಇರುತ್ತದೆ, ಉರಿದಾಗ ಅದು ಆಮ್ಲವಾಗುತ್ತದೆ. ಸೀಮೆಎಣ್ಣೆ ಆಕ್ಟೇನ್ ಇಳಿಸಿ ನಾಕಿಂಗ್ ತರುತ್ತದೆ, ಆಯಿಲನ್ನೂ ತೆಳುವಾಗಿಸುತ್ತದೆ.

ಪೆಟ್ರೋಲ್‌ಗೆ 2ಟಿ ಆಯಿಲ್ ಬೆರೆಸುವ ಅಭ್ಯಾಸ ಮಾತ್ರ ಎಲ್ಲಿಂದ ಬಂತೆಂದು ಊಹಿಸಬಹುದು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್ ಬೈಕುಗಳು. ಅವುಗಳ ಕ್ರ್ಯಾಂಕ್, ಪಿಸ್ಟನ್‌ಗೆ ಎಣ್ಣೆ ಸಿಗುವುದೇ ಪೆಟ್ರೋಲ್ ಜೊತೆ. ಬೆರೆಸದೆ ಓಡಿಸಿದರೆ ಪಿಸ್ಟನ್ ಜಾಮ್. ಯೆಜ್ಡಿ ಓಡಿಸಿ ಬೆಳೆದ ತಲೆಮಾರು ಅದೇ ಕೈಗುಣವನ್ನು ಫೋರ್ ಸ್ಟ್ರೋಕ್ ಕಾರಿಗೂ ತಂದಿದ್ದರೆ ಆಶ್ಚರ್ಯವಿಲ್ಲ. ಕಾರಿಗೆ ಕೆಳಗಡೆ ಬೇರೆಯೇ ಆಯಿಲ್ ಸಂಪ್ ಇದೆ. ಅಲ್ಲಿ 2ಟಿ ಮಾಡುವುದು ಪ್ಲಗ್ಗಿನ ಮೇಲೆ ಮಸಿ ಕಟ್ಟುವ ಕೆಲಸವನ್ನಷ್ಟೇ.

ಮಾವ ಹೋಸ್‌ಗಳನ್ನೆಲ್ಲ ಬದಲಿಸಿದರು. ಮೂರು ಬಾಟಲಿಗೆ ಕೊಟ್ಟಿದ್ದಕ್ಕಿಂತ ಕಡಿಮೆ ಖರ್ಚಾಯಿತು. ಜೊತೆಗೆ ಬಾನೆಟ್ ಕೆಳಗೆ ಚಿಕ್ಕದೊಂದು ಫೈರ್ ಎಕ್ಸ್‌ಟಿಂಗ್ವಿಶರ್ ಇಡಲು ಹೋಗಿದ್ದರು. ಬೆಂಕಿ ಹತ್ತಿದ ಮೇಲೆ ಬಾನೆಟ್ ಎತ್ತಬಾರದು, ಅದು ಡ್ರೈವರ್ ಕೈಗೆ ಸಿಗುವ ಹಾಗೆ ಸೀಟಿನ ಹತ್ತಿರ ಇರಬೇಕು ಎಂದು ಹೇಳಿ ಅಲ್ಲಿ ಕಟ್ಟಿಸಿದೆ.