ಎಲೆ ಉದುರುವ ಕಾಲದಲ್ಲಿ ಶ್ರೀನಗರ

ಕಾಶ್ಮೀರದ ಶ್ರೀನಗರವನ್ನು ನೋಡಲು ಹೋಗುವವರಲ್ಲಿ ಬಹುಮಂದಿ ಆರಿಸಿಕೊಳ್ಳುವುದು ಎರಡು ಕಾಲಗಳನ್ನು. ಹೂದೋಟಗಳು ಅರಳುವ ವಸಂತ ಒಂದು. ಬಯಲುನಾಡು ಬಿಸಿಲಿಗೆ ಬೆಂದು ಬಸವಳಿಯುವ ಬೇಸಗೆ ಇನ್ನೊಂದು. ಕಾರ್ತಿಕ ಮಾಸ ಕಾಲಿಡುವ ವೇಳೆಗೆ ಈ ಸಂದಣಿ ಬಹಳಮಟ್ಟಿಗೆ ಕರಗಿರುತ್ತದೆ. ದಾಲ್ ಸರೋವರದ ದಡದಲ್ಲಿ ಶಿಕಾರಾ ದೋಣಿಗಳು ಸಾಲಾಗಿ ಕಟ್ಟಿಹಾಕಲ್ಪಟ್ಟು, ಬಾಡಿಗೆಯ ಗಿರಾಕಿಗಳಿಗಾಗಿ ಕಾದಿರುತ್ತವೆ. ಆದರೆ ಊರೊಂದು ಅತಿಥಿಗಳಿಗಾಗಿ ಸಿಂಗರಿಸಿಕೊಂಡಿರುವಾಗ ನೋಡುವುದಕ್ಕಿಂತ, ತನ್ನ ಕೆಲಸದಲ್ಲಿ ತಾನು ಮುಳುಗಿರುವಾಗ ನೋಡುವುದು ಮೇಲು. ಅಕ್ಟೋಬರ್ ಕೊನೆಯಿಂದ ನವೆಂಬರ್ ಕೊನೆಯವರೆಗಿನ ಶ್ರೀನಗರ ಅಂತಹ ಊರು. ಆಗ ಅದು ಚಳಿಗಾಲವೆಂಬ ಮುತ್ತಿಗೆಯನ್ನು ಎದುರಿಸಲು ಕೋಟೆಯನ್ನು ಸಜ್ಜುಗೊಳಿಸುತ್ತಿರುತ್ತದೆ.

ಸಮುದ್ರಮಟ್ಟದಿಂದ ಸುಮಾರು 1,585 ಮೀಟರ್ ಎತ್ತರದಲ್ಲಿ, ಝೇಲಂ ನದಿಯ ಎರಡೂ ದಂಡೆಗಳ ಮೇಲೆ ಈ ನಗರ ಹರಡಿಕೊಂಡಿದೆ. ಪುರಾತನರು ವಿತಸ್ತಾ ಎಂದು ಕರೆದ ನದಿಯೇ ಇದು. ನೈಋತ್ಯಕ್ಕೆ ಪೀರ್ ಪಂಜಾಲ್ ಪರ್ವತಶ್ರೇಣಿ, ಈಶಾನ್ಯಕ್ಕೆ ಹಿಮಾಲಯದ ಮುಖ್ಯಶ್ರೇಣಿ. ಇವೆರಡರ ನಡುವೆ ಬೋಗುಣಿಯಂತೆ ತಗ್ಗಾದ ಕಣಿವೆ. ದಕ್ಷಿಣದಿಂದ ಬರುವ ಮುಂಗಾರು ಮೋಡಗಳಲ್ಲಿ ಬಹುಪಾಲನ್ನು ಪೀರ್ ಪಂಜಾಲ್ ತಡೆದುಬಿಡುತ್ತದೆ. ಕಣಿವೆಗೆ ನೀರು ದೊರಕುವುದು ಮುಖ್ಯವಾಗಿ ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ಮಾರುತಗಳು ಸುರಿಸುವ ಹಿಮದಿಂದ. ಆದ್ದರಿಂದ ಕನ್ನಡ ನಾಡಿನ ರೈತನಿಗೆ ಜೇಷ್ಠ–ಆಷಾಢಗಳು ಹೇಗೋ, ಕಾಶ್ಮೀರದ ರೈತನಿಗೆ ಪುಷ್ಯ–ಮಾಘಗಳು ಹಾಗೆ. ಹಿಮ ಬೀಳದ ವರ್ಷ ಅಲ್ಲಿ ಬರಗಾಲದ ವರ್ಷ.

ಕಾಶ್ಮೀರದವರೂ ವರ್ಷವನ್ನು ಆರು ಋತುಗಳಾಗಿಯೇ ಭಾಗಿಸುತ್ತಾರೆ. ಅವುಗಳಲ್ಲಿ ಎಲೆ ಹಣ್ಣಾಗುವ ಋತುವಿಗೆ 'ಹರುದ್' ಎಂದು ಹೆಸರು. ಶರತ್ಕಾಲವೆಂದೊಡನೆ ಕನ್ನಡಿಗನ ಮನಸ್ಸಿನಲ್ಲಿ ಮೂಡುವುದು ತಿಳಿಯಾದ ಆಕಾಶ, ನವರಾತ್ರಿ, ಬೆಳುದಿಂಗಳು. ಹರುದ್ ಎಂದೊಡನೆ ಕಾಶ್ಮೀರಿಯ ಕಣ್ಣಮುಂದೆ ನಿಲ್ಲುವುದು ಚಿನಾರ್ ಮರ. ನಾಲ್ಕೈದು ಜನ ಕೈಹಿಡಿದು ನಿಂತರೂ ತಬ್ಬಲಾಗದಷ್ಟು ದಪ್ಪನೆಯ ಬೊಡ್ಡೆಗಳುಳ್ಳ ವೃಕ್ಷಗಳು ಇವುಗಳಲ್ಲಿವೆ. ಅಂಗೈ ಬಿಚ್ಚಿ ಬೆರಳುಗಳನ್ನು ಅಗಲಿಸಿದಂತಿರುವ ಇದರ ಎಲೆ ಅಕ್ಟೋಬರ್ ತಿಂಗಳಲ್ಲಿ ಹಳದಿಗೆ ತಿರುಗಿ, ಅನಂತರ ಕೆಂಡದ ಬಣ್ಣ ತಾಳಿ, ಕೊನೆಗೆ ಹಳೆಯ ತಾಮ್ರದ ಪಾತ್ರೆಯಂತೆ ಕಂದಿ ಉದುರುತ್ತದೆ. ಮೊಗಲರು ಈ ಮರವನ್ನು ಬಹುವಾಗಿ ಬೆಳೆಸಿದರು. ಜಹಾಂಗೀರನು 1619ರಲ್ಲಿ ಆರಂಭಿಸಿದ ಶಾಲಿಮಾರ್ ತೋಟದಲ್ಲೂ, ಆಸಫ್ ಖಾನನು ನಿರ್ಮಿಸಿದ ನಿಶಾತ್ ತೋಟದಲ್ಲೂ, ಹಜರತ್‌ಬಾಲ್ ಸಮೀಪದ ನಸೀಮ್ ಬಾಗ್‌ನಲ್ಲೂ ಈ ದಿನಗಳಲ್ಲಿ ಕಾಲಿಟ್ಟಲ್ಲೆಲ್ಲ ಎಲೆಯ ಸಪ್ಪಳ.

ದಕ್ಷಿಣದ ಕಾಡುಗಳಲ್ಲಿಯೂ ಮರಗಳು ಎಲೆ ಉದುರಿಸುವುದುಂಟು. ಮುತ್ತುಗ, ತೇಗಗಳು ಬೇಸಗೆಯ ಹೊಸ್ತಿಲಲ್ಲಿ ಬೋಳಾಗುತ್ತವೆ. ಅದು ನೀರಿನ ಕೊರತೆಗೆ ಅವು ಕಂಡುಕೊಂಡ ಉಪಾಯ. ಚಿನಾರಿಗೆ ಭಯವಿರುವುದು ಚಳಿಯಿಂದ. ಹಗಲು ಕಿರಿದಾಗಿ, ರಾತ್ರಿಯ ಶೀತ ಹೆಚ್ಚಿದಂತೆ ಮರವು ಎಲೆಯಲ್ಲಿರುವ ಪತ್ರಹರಿತ್ತನ್ನು ಒಡೆದು, ಅದರಲ್ಲಿನ ಸಾರವನ್ನು ಕೊಂಬೆ ಬೇರುಗಳಿಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹಸುರು ಮರೆಯಾದಾಗ, ಅಷ್ಟು ದಿನವೂ ಅದರ ಹಿಂದೆ ಅಡಗಿದ್ದ ಹಳದಿ ಹೊರಗೆ ಕಾಣುತ್ತದೆ. ಕೆಂಪು ಮಾತ್ರ ಹಾಗಲ್ಲ. ಎಲೆಯಲ್ಲಿ ಉಳಿದ ಸಕ್ಕರೆಯಿಂದ ಅದು ಕೊನೆಯ ದಿನಗಳಲ್ಲಿ ಹೊಸದಾಗಿ ಹುಟ್ಟುತ್ತದೆ. ಬಿಸಿಲು ಚೆನ್ನಾಗಿದ್ದು ರಾತ್ರಿಗಳು ತಣ್ಣಗಿದ್ದ ವರ್ಷ ಬಣ್ಣ ಹೆಚ್ಚು ಉಜ್ವಲವಾಗಿರುತ್ತದೆ. ಬಳಿಕ ತೊಟ್ಟಿನ ಬುಡದಲ್ಲಿ ತೆಳುವಾದ ಪದರವೊಂದು ಬೆಳೆದು ಎಲೆಗೂ ಕೊಂಬೆಗೂ ಇದ್ದ ನಂಟನ್ನು ಕಡಿದುಹಾಕುತ್ತದೆ. ಆಮೇಲೆ ಸಣ್ಣ ಗಾಳಿ ಸಾಕು.

ಈ ಮರವನ್ನು ಕಡಿಯುವುದಕ್ಕೆ ಕಾನೂನಿನ ನಿರ್ಬಂಧವಿದೆ. ಇತ್ತೀಚೆಗೆ ಪ್ರತಿಯೊಂದು ಚಿನಾರಿಗೂ ಸಂಖ್ಯೆ ಕೊಟ್ಟು, ಅದರ ಎತ್ತರ, ಸುತ್ತಳತೆ, ಆರೋಗ್ಯಗಳನ್ನು ದಾಖಲಿಸುವ ಕಾರ್ಯವನ್ನು ಅರಣ್ಯ ಇಲಾಖೆ ಕೈಗೊಂಡಿತು. 2025ರ ಆರಂಭದ ಹೊತ್ತಿಗೆ 28 ಸಾವಿರಕ್ಕೂ ಹೆಚ್ಚು ಮರಗಳ ಲೆಕ್ಕ ಸಿಕ್ಕಿತ್ತು.

ಪ್ರವಾಸಿಗೆ ಉದುರಿದ ಎಲೆ ಚೆಲುವು; ಅಲ್ಲಿಯ ಗೃಹಿಣಿಗೆ ಅದು ಉರುವಲು. ಬೆಳಗ್ಗೆ ಮಂಜು ಇನ್ನೂ ಕವಿದಿರುವಾಗಲೇ ಹೆಂಗಸರು ಉದ್ದನೆಯ ಪೊರಕೆಗಳನ್ನು ಹಿಡಿದು ಮರಗಳ ಬುಡಕ್ಕೆ ಬರುತ್ತಾರೆ. ಎಲೆಗಳನ್ನು ಗುಡ್ಡೆಹಾಕಿ ಬೆಂಕಿಯಿಡುತ್ತಾರೆ. ಉರಿ ಹತ್ತಿಕೊಂಡು ಎಲೆ ಕಪ್ಪಾದೊಡನೆ, ಬೂದಿಯಾಗಲು ಬಿಡದೆ, ನೀರು ಚಿಮುಕಿಸಿ ಆರಿಸುತ್ತಾರೆ. ಈ ಕೆಲಸಕ್ಕೆ ಕಣ್ಣಳತೆ ಬೇಕು. ಒಂದು ಕ್ಷಣ ತಡವಾದರೆ ಕೈಗೆ ಸಿಗುವುದು ಬೂದಿ. ಒಂದು ಕ್ಷಣ ಮುಂಚಿತವಾದರೆ ಹೊಗೆಯಾಡುವ ಹಸಿ ಇದ್ದಿಲು. ಹೀಗೆ ದೊರೆತ ಹಗುರವಾದ ಕರಿಯ ಪುಡಿಯನ್ನು ಚೀಲಗಳಲ್ಲಿ ತುಂಬಿ ಅಟ್ಟದ ಮೇಲಿಡುತ್ತಾರೆ. ಅದು ಕಾಂಗಡಿಯ ಆಹಾರ.

ಕಾಂಗಡಿಯೆಂದರೆ ಬೆತ್ತದಂತಹ ಸಣ್ಣ ಕಡ್ಡಿಗಳಿಂದ ಹೆಣೆದ ಬುಟ್ಟಿಯೊಳಗೆ ಕೂರಿಸಿದ ಮಣ್ಣಿನ ಕುಡಿಕೆ. ತಳದಲ್ಲಿ ಇದ್ದಿಲ ಪುಡಿ ಹಾಕಿ, ಮೇಲೆ ಕೆಂಡವಿಟ್ಟು, ಅದರ ಮೇಲೆ ಬೂದಿ ಮುಚ್ಚಿದರೆ ಶಾಖ ಬಹಳ ಹೊತ್ತು ನಿಲ್ಲುತ್ತದೆ. ಮೊಳಕಾಲಿನವರೆಗೆ ಇಳಿಬೀಳುವ 'ಫೆರನ್' ಎಂಬ ಸಡಿಲವಾದ ಉಣ್ಣೆಯ ನಿಲುವಂಗಿಯ ಒಳಗೆ ಇದನ್ನು ಹಿಡಿದುಕೊಂಡೇ ಜನ ಅಂಗಡಿಗೆ, ಕಚೇರಿಗೆ, ಮಸೀದಿಗೆ ಹೋಗುತ್ತಾರೆ. ಮಲೆನಾಡಿನ ಮನೆಗಳಲ್ಲಿ ಅಗ್ಗಿಷ್ಟಿಕೆಯ ಸುತ್ತ ಜನ ಕೂರುವುದುಂಟು. ಕಾಂಗಡಿಯಾದರೋ ಜನರ ಜೊತೆಯಲ್ಲಿ ತಾನೇ ನಡೆಯುವ ಅಗ್ಗಿಷ್ಟಿಕೆ. ಆದರೆ ಇದನ್ನು ಬರಿಯ ಹೊಗಳಿಕೆಯಿಂದ ಮುಗಿಸುವುದು ಸರಿಯಲ್ಲ. ವರ್ಷಗಟ್ಟಲೆ ಚರ್ಮಕ್ಕೆ ತಾಗುವ ಈ ಶಾಖದಿಂದ ತೊಡೆ, ಹೊಟ್ಟೆಗಳ ಮೇಲೆ ಒಂದು ಬಗೆಯ ಕ್ಯಾನ್ಸರ್ ಹುಟ್ಟುತ್ತದೆಂಬುದನ್ನು ವೈದ್ಯರು ನೂರು ವರ್ಷಗಳಿಗೂ ಹಿಂದೆಯೇ ಗುರುತಿಸಿದ್ದರು. ಎಲೆ ಸುಡುವ ಹೊಗೆಯೂ ಸಾಮಾನ್ಯವಾದುದಲ್ಲ. ಗಾಳಿಯಿಲ್ಲದ ಈ ದಿನಗಳಲ್ಲಿ ತಣ್ಣನೆಯ ಗಾಳಿ ಕಣಿವೆಯ ತಳದಲ್ಲಿ ನೆಲೆಸಿ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತುಬಿಡುತ್ತದೆ. ಹೊಗೆ ಮೇಲೇರಲಾರದೆ ಬೋಗುಣಿಯೊಳಗೇ ಉಳಿಯುತ್ತದೆ. ಸಂಜೆಯ ವೇಳೆ ಬೆಟ್ಟಗಳನ್ನು ಮಸುಕುಗೊಳಿಸುವ ನೀಲಿ ತೆರೆ ಚಿತ್ರಗಳಲ್ಲಿ ಅಂದವಾಗಿ ಕಾಣುತ್ತದೆ. ಉಬ್ಬಸದ ರೋಗಿಗಳಿಗೆ ಅದರ ನಿಜ ಗೊತ್ತು. ಎಲೆ ಸುಡಬಾರದೆಂದು ಅಧಿಕಾರಿಗಳು ಆದೇಶ ಹೊರಡಿಸಿದ್ದುಂಟು. ವಿದ್ಯುತ್ತು ಕೈಕೊಡುವ ರಾತ್ರಿಗಳಲ್ಲಿ ಮಕ್ಕಳನ್ನು ಬೆಚ್ಚಗಿಡುವುದು ಹೇಗೆಂಬುದಕ್ಕೆ ಆದೇಶದಲ್ಲಿ ಉತ್ತರ ದೊರೆಯುವುದಿಲ್ಲವಾದ್ದರಿಂದ ಪೊರಕೆಗಳ ಸದ್ದು ಇನ್ನೂ ನಿಂತಿಲ್ಲ.

ಉರುವಲಿನ ಮಾತು ಬಂದಾಗ ಕನ್ನಡಿಗರಿಗೆ ಒಬ್ಬ ಶರಣನ ನೆನಪಾಗುವುದು ಸಹಜ. ಕಾಶ್ಮೀರದ ಅರಸುತನವನ್ನು ಬಿಟ್ಟು ಪತ್ನಿ ಮಹಾದೇವಿಯಮ್ಮನೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಸೌದೆ ಹೊತ್ತು ತಂದು ಮಾರುವ ಕಾಯಕ ಹಿಡಿದವನೆಂದು ಪರಂಪರೆ ಮೋಳಿಗೆಯ ಮಾರಯ್ಯನನ್ನು ಕುರಿತು ಹೇಳುತ್ತದೆ. ಸೌದೆಯ ಬೆಲೆಯನ್ನು ಬಲ್ಲ ನಾಡಿನಿಂದ ಬಂದವನಿಗೆ ಆ ಕಾಯಕ ಕೀಳೆನಿಸದಿದ್ದುದರಲ್ಲಿ ಸೋಜಿಗವಿಲ್ಲ.

ಇನ್ನು ಆಹಾರ. ಹಳೆಯ ನಗರದ ಓಣಿಗಳಲ್ಲಿ ನಡೆದರೆ, ಕಿಟಕಿಗಳಿಂದ, ಮಾಳಿಗೆಗಳಿಂದ ಬಗೆಬಗೆಯ ಮಾಲೆಗಳು ಇಳಿಬಿದ್ದಿರುವುದನ್ನು ಕಾಣಬಹುದು. ಉದ್ದುದ್ದ ಸೀಳಿದ ಬದನೆ, ಸುರುಳಿಯಂತೆ ಹೆರೆದ ಸೋರೆ, ದಾರಕ್ಕೆ ಪೋಣಿಸಿದ ಟರ್ನಿಪ್ ಬಿಲ್ಲೆಗಳು, ಟೊಮೇಟೊ, ಕೆಂಪು ಮೆಣಸಿನಕಾಯಿ. ಬೇಸಗೆಯ ಕೊನೆಯಿಂದ ಒಣಗಿಸಿದ ಈ ಪದಾರ್ಥಗಳಿಗೆ 'ಹೋಖ್ ಸ್ಯೂನ್' ಎಂದು ಹೆಸರು. ಒಣ ತರಕಾರಿ ಎಂದಷ್ಟೇ ಅದರ ಅರ್ಥ. ಮೀನನ್ನೂ ಹೀಗೆ ಒಣಗಿಸಿ ಇಡುವುದುಂಟು. ಆಷಾಢದ ಜಡಿಮಳೆಗೆಂದು ಬೇಸಗೆಯಲ್ಲೇ ಹಪ್ಪಳ, ಸಂಡಿಗೆ, ಬಾಳಕ, ಉಪ್ಪಿನಕಾಯಿಗಳನ್ನು ಮಾಡಿಟ್ಟುಕೊಳ್ಳುವ ಮಲೆನಾಡಿನ ಅಜ್ಜಿಯೊಬ್ಬಳು ಈ ಓಣಿಗೆ ಬಂದರೆ, ಭಾಷೆ ತಿಳಿಯದಿದ್ದರೂ ನಡೆಯುತ್ತಿರುವುದೇನೆಂದು ಅವಳಿಗೆ ಯಾರೂ ವಿವರಿಸಬೇಕಾಗಿಲ್ಲ. ಇದೇ ಓಣಿಗಳಲ್ಲಿ, ಹಬ್ಬಾಕದಲ್ ಸುತ್ತಮುತ್ತ, ಏನೂ ತೂಗುಹಾಕಿರದ ಕಿಟಕಿಗಳೂ ಇವೆ. 1990ರಲ್ಲಿ ಕಣಿವೆಯನ್ನು ತೊರೆಯಬೇಕಾಗಿ ಬಂದ ಪಂಡಿತರ ಮನೆಗಳು ಅವು. ಕೆಲವು ಕುಸಿದಿವೆ, ಕೆಲವು ಬೀಗ ಹಾಕಿದಂತೆಯೇ ನಿಂತಿವೆ.

ಹಿಂದೆ ಈ ಸಂಗ್ರಹ ಅನಿವಾರ್ಯವಾಗಿತ್ತು. ಹಿಮ ಬಿದ್ದು ಬನಿಹಾಲ್ ಕಣಿವೆಮಾರ್ಗ ಮುಚ್ಚಿತೆಂದರೆ ಹೊರಗಿನಿಂದ ಏನೂ ಬರುತ್ತಿರಲಿಲ್ಲ. 1956ರಲ್ಲಿ ಜವಾಹರ್ ಸುರಂಗ ತೆರೆಯಿತು. 2021ರಲ್ಲಿ ಅದಕ್ಕಿಂತ ಕೆಳಮಟ್ಟದಲ್ಲಿ ಎಂಟೂವರೆ ಕಿಲೋಮೀಟರ್ ಉದ್ದದ ಹೊಸ ಸುರಂಗ ಸಂಚಾರಕ್ಕೆ ದೊರೆಯಿತು. 2025ರ ಜೂನ್ 6ರಂದು ಚಿನಾಬ್ ನದಿಯಿಂದ 359 ಮೀಟರ್ ಎತ್ತರದಲ್ಲಿ ನಿಂತ ಸೇತುವೆಯ ಉದ್ಘಾಟನೆಯಾಗಿ, ಕಟ್ರಾದಿಂದ ಶ್ರೀನಗರಕ್ಕೆ ರೈಲು ಓಡತೊಡಗಿತು. ಜನವರಿಯಲ್ಲೂ ಹಸಿ ಟೊಮೇಟೊ ಸಿಗುವಾಗ ಒಣಗಿಸುವ ಗೊಡವೆ ಯಾರಿಗೆ ಬೇಕೆಂದು ಕಿರಿಯರು ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಅದೇ 2025ರ ಆಗಸ್ಟ್ ಕೊನೆಯಲ್ಲಿ ಅತಿವೃಷ್ಟಿಯಿಂದ ಗುಡ್ಡಗಳು ಕುಸಿದು ಹೆದ್ದಾರಿ ಮುಚ್ಚಿತು. ಸೇಬು ತುಂಬಿದ ಲಾರಿಗಳು ದಿನಗಟ್ಟಲೆ ದಾರಿಯಲ್ಲೇ ನಿಂತು, ವರ್ಷದ ದುಡಿಮೆ ಪೆಟ್ಟಿಗೆಗಳಲ್ಲಿಯೇ ಕೊಳೆಯಿತು. ಬಳಿಕ ಹಣ್ಣು ಸಾಗಿಸಲು ರೈಲು ನೆರವಿಗೆ ಬಂದಿತು. ಅಟ್ಟದ ಮೇಲಿನ ಮಾಲೆಗಳನ್ನು ಹಿರಿಯರು ಇನ್ನೂ ಇಳಿಸದಿರುವುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ.

ಎಲ್ಲ ಗಿಡಗಳೂ ಎಲೆ ಕಳಚುತ್ತಿರುವ ಈ ಕಾಲದಲ್ಲಿಯೇ ಹೂಬಿಡುವ ಸಸ್ಯವೊಂದುಂಟು. ಅದನ್ನು ನೋಡಲು ಶ್ರೀನಗರದಿಂದ ಆಗ್ನೇಯಕ್ಕೆ ಹದಿನೈದು ಕಿಲೋಮೀಟರುಗಳೊಳಗೇ ಇರುವ ಪಾಂಪೋರಿಗೆ ಹೋಗಬೇಕು. ಅಲ್ಲಿ ನೆಲವು ಮೆಟ್ಟಿಲಿನಂತೆ ಎದ್ದು ಚಪ್ಪಟೆಯಾದ ದಿಬ್ಬಗಳಾಗಿದೆ. ಇವಕ್ಕೆ 'ಕರೇವಾ' ಎಂದು ಹೆಸರು. ಕಾಶ್ಮೀರ ಒಮ್ಮೆ ಸತೀಸರವೆಂಬ ಮಹಾಸರೋವರವಾಗಿತ್ತೆಂದೂ, ಅದರ ನೀರನ್ನು ಹೊರಹರಿಸಿ ಕಶ್ಯಪನು ನೆಲವನ್ನು ವಾಸಯೋಗ್ಯವಾಗಿಸಿದನೆಂದೂ ನೀಲಮತ ಪುರಾಣ ಹೇಳುತ್ತದೆ. ಭೂವಿಜ್ಞಾನಿಗಳೂ ಈ ದಿಬ್ಬಗಳ ಮಣ್ಣನ್ನು ಪರೀಕ್ಷಿಸಿ, ಇದು ಪುರಾತನ ಸರೋವರದ ತಳದಲ್ಲಿ ಶೇಖರವಾದ ಹೂಳೆಂದೇ ಹೇಳಿದ್ದಾರೆ. ನೀರು ನಿಲ್ಲದ ಈ ಮಣ್ಣು ಕೇಸರಿಗೆ ಹೇಳಿಮಾಡಿಸಿದಂತಹುದು.

ಅಕ್ಟೋಬರ್ ಕೊನೆಯ ವಾರದಲ್ಲಿ ಬರಿಯ ನೆಲದಿಂದ ನೇರಳೆ ಬಣ್ಣದ ಹೂಗಳು ಮೇಲೇಳುತ್ತವೆ. ಬಿಸಿಲೇರುವ ಮೊದಲೇ ಅವನ್ನು ಬಿಡಿಸಬೇಕು. ಮನೆಮಂದಿಯೆಲ್ಲ ಬುಟ್ಟಿ ಹಿಡಿದು ಬಗ್ಗಿ ಸಾಗುತ್ತಾರೆ. ಎರಡು ಮೂರು ವಾರಗಳಲ್ಲಿ ಕೊಯ್ಲೆಲ್ಲ ಮುಗಿಯಬೇಕು. ಸಂಜೆ ಅಂಗಳದಲ್ಲೋ ಒಲೆಯ ಬಳಿಯೋ ಕುಳಿತು, ಒಂದೊಂದು ಹೂವನ್ನೂ ಬಿಡಿಸಿ, ನಡುವಿನ ಮೂರು ಕೆಂಪು ಎಳೆಗಳನ್ನು ಬೇರ್ಪಡಿಸುತ್ತಾರೆ. ಈ ಮೂರು ಎಳೆಗಳೇ ಕೇಸರಿ. ಒಣಗಿದ ಒಂದು ಕಿಲೋಗ್ರಾಂ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂಗಳು ಬೇಕು; ಎಂದರೆ ನಾಲ್ಕೂವರೆ ಲಕ್ಷ ಎಳೆಗಳು ಬೆರಳ ತುದಿಯಿಂದ ಹಾದುಹೋಗಬೇಕು. ಬೆಲೆ ಹೆಚ್ಚೆಂದು ಅಂಗಡಿಯಲ್ಲಿ ಗೊಣಗುವವರು ಈ ಲೆಕ್ಕವನ್ನು ನೆನೆಯುವುದು ಒಳ್ಳೆಯದು. ಇನ್ನೊಂದು ವಿಚಿತ್ರವೆಂದರೆ, ಈ ಗಿಡ ಬೀಜ ಕಟ್ಟುವುದಿಲ್ಲ. ಗಡ್ಡೆಯಿಂದ ಗಡ್ಡೆ ಒಡೆದೇ ಇದರ ವಂಶ ಬೆಳೆಯಬೇಕು. ಮನುಷ್ಯನು ಕಿತ್ತು, ಬೇರ್ಪಡಿಸಿ, ಮತ್ತೆ ನೆಟ್ಟರೆ ಮಾತ್ರ ಅದು ಉಳಿಯುತ್ತದೆ.

ಹನ್ನೊಂದನೆಯ ಶತಮಾನದಲ್ಲಿ ಈ ಹೊಲಗಳ ಅಂಚಿನ ಖೋನಮುಖವೆಂಬ ಹಳ್ಳಿಯಿಂದ ಹೊರಟ ಕವಿಯೊಬ್ಬನು ಊರೂರು ತಿರುಗಿ, ಕೊನೆಗೆ ಕಲ್ಯಾಣದಲ್ಲಿ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನವನ್ನು ಸೇರಿ ವಿದ್ಯಾಪತಿ ಎನಿಸಿಕೊಂಡನು. ಅವನೇ ಬಿಲ್ಹಣ. ದೊರೆಯ ಚರಿತ್ರೆಯನ್ನು ಹಾಡಿದ ವಿಕ್ರಮಾಂಕದೇವಚರಿತದ ಹದಿನೆಂಟನೆಯ, ಕೊನೆಯ ಸರ್ಗದಲ್ಲಿ ಅವನು ಹುಟ್ಟೂರಿನ ಕಡೆಗೆ ತಿರುಗಿ, ಅಲ್ಲಿಯ ಕೇಸರಿಯನ್ನೂ ದ್ರಾಕ್ಷಿಯನ್ನೂ ವರ್ಣಿಸುತ್ತಾನೆ. ಕನ್ನಡ ನಾಡಿನ ಬಿಸಿಲಿನಲ್ಲಿ ಕುಳಿತವನಿಗೆ ನೆನಪಾದುದು ಆ ನೇರಳೆ ಹೊಲ. ಖೋನಮುಖ ಇಂದಿನ ಖೋನ್‌ಮೂಹ್. ಅದರ ಪಕ್ಕದಲ್ಲಿ ಇಂದು ಸಿಮೆಂಟ್ ಕಾರ್ಖಾನೆಗಳು ಎದ್ದಿವೆ.

ಕೇಸರಿಯ ಹೊಲಗಳು ಕುಗ್ಗುತ್ತಿವೆ. 1996–97ರಲ್ಲಿ ಸುಮಾರು 5,700 ಹೆಕ್ಟೇರುಗಳಲ್ಲಿದ್ದ ಬೆಳೆ 2010–11ರ ವೇಳೆಗೆ ಸುಮಾರು 3,700 ಹೆಕ್ಟೇರಿಗೆ ಇಳಿದಿತ್ತು. ಹೂಬಿಡುವ ಮುನ್ನ ಬೀಳಬೇಕಾದ ಮಳೆ ತಪ್ಪುತ್ತಿರುವುದು, ಗಡ್ಡೆಗಳಿಗೆ ತಗಲುವ ಕೊಳೆರೋಗ, ನೆಲವನ್ನು ತೋಡಿ ಗಡ್ಡೆ ತಿನ್ನುವ ಮುಳ್ಳುಹಂದಿ, ನಗರ ಬೆಳೆದಂತೆ ಹೊಲಗಳಲ್ಲಿ ಮೂಡುತ್ತಿರುವ ಮನೆಗಳು, ಇವೆಲ್ಲವೂ ಕಾರಣಗಳು. 2010ರಲ್ಲಿ ಸರ್ಕಾರ ರಾಷ್ಟ್ರೀಯ ಕೇಸರಿ ಯೋಜನೆಯೊಂದನ್ನು ಕೈಗೊಂಡು ಕೊಳವೆಬಾವಿ, ತುಂತುರು ನೀರಾವರಿಗಳಿಗೆ ಹಣ ಒದಗಿಸಿತು. 2020ರಲ್ಲಿ ಕಾಶ್ಮೀರದ ಕೇಸರಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಮಾನ್ಯತೆಯಿಂದ ಬೆಲೆ ಏರಬಹುದು, ಮಳೆ ಬರುವುದಿಲ್ಲ. ಹೊಲವನ್ನು ಅಗೆದು ಸೇಬು ನೆಟ್ಟವರೂ ಇದ್ದಾರೆ.

ನವೆಂಬರ್ ಮಧ್ಯಕ್ಕೆ ಪಾಂಪೋರಿನ ಹೊಲ ಮತ್ತೆ ಬರಿಯ ಮಣ್ಣಾಗುತ್ತದೆ. ಶ್ರೀನಗರದ ಅಂಚಿನ ಹೋಕರ್‌ಸರ್ ಜೌಗಿನಲ್ಲಿ ಮಧ್ಯ ಏಷ್ಯ, ಸೈಬೀರಿಯಗಳಿಂದ ಬಂದ ಬಾತುಗಳ ಗದ್ದಲ ಹೆಚ್ಚುತ್ತದೆ. ಹಳೆಯ ನಗರದ ಹರೀಸಾ ಅಂಗಡಿಗಳು ತೆರೆಯುತ್ತವೆ. ರಾತ್ರಿಯೆಲ್ಲ ಮಣ್ಣಿನ ಹಂಡೆಯಲ್ಲಿ ಅಕ್ಕಿಯೊಡನೆ ಬೆಂದು ಕರಗಿದ ಕುರಿಮಾಂಸವನ್ನು ಕೊಳ್ಳಲು ಜನ ನಸುಕಿನಲ್ಲೇ ಪಾತ್ರೆ ಹಿಡಿದು ನಿಲ್ಲುತ್ತಾರೆ. ಕೊನೆಯ ಚಿನಾರ್ ಎಲೆಗಳು ಗುಡಿಸಿ ಮುಗಿದಿರುತ್ತವೆ. ಡಿಸೆಂಬರ್ 21ರಿಂದ ಚಿಲ್ಲಾ-ಎ-ಕಲಾನ್. ಚಳಿಯ ನಲವತ್ತು ದಿನಗಳು. ಅದರ ಹಿಂದೆ ಇಪ್ಪತ್ತು ದಿನಗಳ ಕಿರಿಯ ಚಿಲ್ಲಾ, ಅದರ ಬೆನ್ನಿಗೆ ಹತ್ತು ದಿನಗಳ ಮರಿ ಚಿಲ್ಲಾ. ನಲ್ಲಿಯ ನೀರು ಹೆಪ್ಪುಗಟ್ಟುವ ಮುನ್ನ ಮನೆಯವರು ಕೊಳವೆಗಳಿಗೆ ಗೋಣಿ ಸುತ್ತುತ್ತಾರೆ, ಕಿಟಕಿಯ ಬಿರುಕುಗಳಿಗೆ ಕಾಗದ ಅಂಟಿಸುತ್ತಾರೆ. ಆಮೇಲೆ ಅಟ್ಟದಿಂದ ಇದ್ದಿಲಿನ ಮೊದಲ ಚೀಲವನ್ನು ಕೆಳಗಿಳಿಸುತ್ತಾರೆ.